ಗಂಟಲು ನಮ್ಮದು, ಕಾಗದ ಅವರದು: ಇನ್ನೆಷ್ಟು ದಿನ?

ಹಾಸ್ಟೆಲಿನ ಗೆಳೆಯರೇ, ಗೆಳತಿಯರೇ,

ನಮ್ಮ ಸಭೆಗಳಲ್ಲಿ ಗುಡುಗುವವರಿಗೆ ಬರ ಇಲ್ಲ. ಏಪ್ರಿಲ್ 14 ಬಂತೆಂದರೆ ಊರೂರಿಗೆ ಪೆಂಡಾಲು, ಪೆಂಡಾಲಿಗೊಂದು ಮೈಕು, ಮೈಕಿಗೆ ಹತ್ತು ಜನ ಭಾಷಣಕಾರರು. "ಮೂರು ಸಾವಿರ ವರ್ಷದಿಂದ ನಮ್ಮನ್ನು ತುಳಿದಿದ್ದಾರೆ" ಅಂತ ಎತ್ತಿಕೊಂಡ ಮಾತು "ರಕ್ತದ ಕೊನೇ ಹನಿ ಇರುವವರೆಗೂ" ಅಂತ ಇಳಿಯುತ್ತದೆ. ನಡುವೆ ಏನಿತ್ತು? ಸಭೆ ಮುಗಿಸಿ ಹೊರಟವರನ್ನು ನಿಲ್ಲಿಸಿ ಕೇಳಿ. "ಭಾಳ ಚೆನ್ನಾಗಿ ಮಾತಾಡ್ದ ಕಣಪ್ಪ, ಬೆಂಕಿ ಬೆಂಕಿ" ಅಂತಾರೆ. "ಏನು ಹೇಳಿದ?" ಅಂದರೆ ತಲೆ ಕೆರೆದುಕೊಳ್ಳುತ್ತಾರೆ.

ಮಾರನೇ ದಿನ ಅದೇ ಬೆಂಕಿ ಭಾಷಣಕಾರ ಒಬ್ಬ ಬಡ ಮುದುಕಿಯನ್ನು ಕರೆದುಕೊಂಡು ತಾಲ್ಲೂಕು ಕಚೇರಿಗೆ ಹೋಗುತ್ತಾನೆ. ಗುಮಾಸ್ತ ಕನ್ನಡಕದ ಮೇಲಿಂದ ನೋಡಿ ಮೆತ್ತಗೆ ಕೇಳುತ್ತಾನೆ: "ಸಾಗುವಳಿ ಚೀಟಿ ಎಲ್ಲಿ? ಸರ್ವೆ ನಂಬರು ಎಷ್ಟು? ಅರ್ಜಿ ಕೊಟ್ಟ ತಾರೀಕು ಯಾವುದು?" ನಿನ್ನೆಯ ಸಿಂಹ ಇವತ್ತು ಬೆಕ್ಕು. ಆ ಗುಮಾಸ್ತ ದನಿ ಏರಿಸಬೇಕಾಗಿಯೇ ಇಲ್ಲ, ಅವನ ಕೈಯಲ್ಲಿ ಕಡತ ಇದೆ. ನಮ್ಮ ಕೈಯಲ್ಲಿ ಗಂಟಲು ಮಾತ್ರ ಇದೆ.

ಈ ಲೇಖನ ಹೇಳುವುದು ಒಂದೇ ಮಾತು: ಪುರಾವೆ ಇಲ್ಲದ ಭಾಷಣ ನಮ್ಮ ಜನಕ್ಕೆ ನಾವೇ ಮಾಡುವ ದ್ರೋಹ. ಅದು ಸೋಮಾರಿತನ. ಅದಕ್ಕೆ ಕ್ರಾಂತಿ ಅಂತ ಹೆಸರಿಡಬೇಡಿ.

'ಅನುಭವವೇ ಸಾಕ್ಷಿ' ಅನ್ನುವವರಿಗೆ

ಹೀಗಂದ ತಕ್ಷಣ ಕೆಲವರು ಎದ್ದು ನಿಲ್ಲುತ್ತಾರೆ. "ಅಲ್ಲಾರೀ, ಪೆಟ್ಟು ತಿಂದವರು ನಾವು. ಪುರಾವೆಯನ್ನೂ ನಾವೇ ಕೊಡಬೇಕಾ? ಅವರು ದೇವರ ಮುಖದಿಂದ ಹುಟ್ಟಿದೆವು ಅಂದಾಗ ಯಾರಾದರೂ ಪುರಾವೆ ಕೇಳಿದರಾ? ನಮ್ಮ ಅನುಭವವೇ ಸಾಕ್ಷಿ, ಸಾಕು."

ಈ ಸಿಟ್ಟು ನ್ಯಾಯದ ಸಿಟ್ಟು. ಅವರ ಸುಳ್ಳನ್ನು ಬರೀ ಬಾಯಿಮಾತಿನ ಮೇಲೆ ಸಾವಿರಾರು ವರ್ಷ ನಂಬಿದ ಸಮಾಜ ನಮ್ಮ ನಿಜಕ್ಕೆ ಮೂರು ಪ್ರತಿ ಜೆರಾಕ್ಸು ಕೇಳುತ್ತದೆ. ಒಪ್ಪಿದೆ. ಆದರೆ ಗೆಳೆಯಾ, ನಿನ್ನ ಅನುಭವವನ್ನು ನೀನು ಹೇಳಿದ್ದಾದರೂ ಎಲ್ಲಿ? "ಶತಮಾನಗಳ ಶೋಷಣೆ" ಅಂದೆ. ಶತಮಾನಕ್ಕೆ ಊರಿಲ್ಲ, ಮುಖ ಇಲ್ಲ. ಯಾವ ಊರು, ಯಾವ ಬಾವಿ, ಯಾವ ಹೋಟೆಲಿನ ಯಾವ ಲೋಟ, ಯಾವ ದಿನ, ಯಾರು ಕಂಡರು, ಆಮೇಲೆ ಪೊಲೀಸು ಏನು ಬರೆದುಕೊಂಡ ಅಂತ ಹೇಳಿದಾಗ ಅನುಭವ ಸಾಕ್ಷಿಯಾಗುತ್ತದೆ. ಇಲ್ಲದಿದ್ದರೆ ಅದು ಗಾಳಿಗೆ ತೂರಿದ ಹೊಟ್ಟು.

ಹಾಸ್ಟೆಲಿನ ಉದಾಹರಣೆಯನ್ನೇ ತಗೊಳ್ಳಿ. "ನಮ್ಮನ್ನು ನಾಯಿಗಿಂತ ಕಡೆಯಾಗಿ ನೋಡ್ತಾರೆ, ಹುಳು ಬಿದ್ದ ಅನ್ನ ಹಾಕ್ತಾರೆ" ಅಂತ ಕೂಗಿದರೆ ಅಧಿಕಾರಿ "ಪರಿಶೀಲಿಸುತ್ತೇವೆ" ಅಂತ ಹೇಳಿ ಜೀಪು ಹತ್ತುತ್ತಾನೆ. ಬದಲಿಗೆ ಹೀಗೆ ಹೇಳಿ ನೋಡಿ: "ಈ ತಿಂಗಳು 3, 9, 17ನೇ ತಾರೀಕು, ಮೂರು ರಾತ್ರಿ ಸಾರಿನಲ್ಲಿ ಹುಳು. ಊಟ ಬಿಟ್ಟವರ ಸಹಿ ಇಲ್ಲಿದೆ. 10ನೇ ತಾರೀಕು ವಾರ್ಡನ್‌ಗೆ ಅರ್ಜಿ ಕೊಟ್ಟಿದ್ದೇವೆ, ಸ್ವೀಕೃತಿ ಇಲ್ಲಿದೆ. ಅರ್ಜಿ ಕೊಟ್ಟ ಒಂದು ವಾರಕ್ಕೆ ಮತ್ತೆ ಹುಳು." ಇಲ್ಲಿ ಒಂದು ಬೈಗಳೂ ಇಲ್ಲ. ಆದರೂ ಆ ಅಧಿಕಾರಿ ಜೀಪು ಹತ್ತುವ ಮೊದಲು ಎರಡು ಸಲ ಯೋಚಿಸುತ್ತಾನೆ.

ಮಾಡಲು ಬಿಡದ ಭಾಷಣ

ಬಾಬಾಸಾಹೇಬರ ಫೋಟೋಗೆ ಹಾರ ಹಾಕಿ ಮಾತು ಶುರು ಮಾಡುತ್ತೀರಲ್ಲ, ಅವರು ಹೇಗೆ ಮಾತಾಡುತ್ತಿದ್ದರು ಅಂತ ಓದಿದ್ದೀರಾ? 1919ರ ಜನವರಿ 27ರಂದು ಅವರು ಸೌತ್‌ಬರೋ ಸಮಿತಿಯ ಮುಂದೆ ಮತದಾನದ ಹಕ್ಕಿನ ಬಗ್ಗೆ ಸಾಕ್ಷಿ ನುಡಿದರು. ಆಗ ಅವರಿಗೆ 27 ವರ್ಷ. ಹಾಸ್ಟೆಲಿನಲ್ಲಿ ನಿಮ್ಮ ಪಕ್ಕದ ಕೋಣೆಯಲ್ಲಿ ಸಂಶೋಧನೆ ಮಾಡುತ್ತಿರುವ ಅಣ್ಣನ ವಯಸ್ಸು. ಬರಿಗೈಯಲ್ಲಿ ಹೋಗಲಿಲ್ಲ, ಲಿಖಿತ ಹೇಳಿಕೆ ಸಿದ್ಧ ಮಾಡಿಕೊಂಡು ಹೋದರು.

1936ಕ್ಕೆ ಬನ್ನಿ. ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲದವರು ತಮ್ಮ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರಾಗಿ ಕರೆದರು. ಭಾಷಣದ ಪ್ರತಿ ಓದಿ ಬೆಚ್ಚಿದರು. ವೇದ ಶಾಸ್ತ್ರದ ಮಾತು ತೆಗೆಯಿರಿ ಅಂದರು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಅಂತ ಇವರು ಉತ್ತರ ಬರೆದರು. ಸಮ್ಮೇಳನವೇ ನಿಂತಿತು. ಮಾಡಲು ಬಿಡದ ಆ ಭಾಷಣವನ್ನು ಬಾಬಾಸಾಹೇಬರು ತಮ್ಮ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಎರಡು ತಿಂಗಳಲ್ಲಿ ಖರ್ಚಾದವು. ಅದೇ ಇವತ್ತು ನಾವು ಓದುವ 'ಜಾತಿ ವಿನಾಶ'.

ಆ ಭಾಷಣದ ಮೊದಲ ಭಾಗ ಬಿಚ್ಚಿ ನೋಡಿ. ಸಮಾಜ ಸುಧಾರಣೆ ಇಲ್ಲದೆ ರಾಜಕೀಯ ಸುಧಾರಣೆ ಆಗೋದಿಲ್ಲ ಅನ್ನುವುದು ಅವರ ವಾದ. ಈ ವಾದವನ್ನು ಅವರು ಕೂಗಿ ಹೇಳಲಿಲ್ಲ. ಒಂದೊಂದೇ ಕಲ್ಲು ಇಟ್ಟರು. ಮೊದಲು ಪೇಶ್ವೆಗಳ ಕಾಲ: ಅಸ್ಪೃಶ್ಯನ ಕೈಗೋ ಕುತ್ತಿಗೆಗೋ ಕಪ್ಪು ದಾರ, ಪುಣೆಯಲ್ಲಿ ಸೊಂಟಕ್ಕೆ ಪೊರಕೆ, ಉಗುಳಲು ಕೊರಳಿಗೆ ಮಡಕೆ. ಇದು ಹಳೇ ಕಥೆ ಅಂತೀರಾ? ಹಾಗಾದರೆ 1928ರ ಜನವರಿ: ಇಂದೂರಿನ ಬಲಾಯಿ ಜನರಿಗೆ ಅಲ್ಲಿನ ಹಳ್ಳಿಗಳ ಮೇಲ್ಜಾತಿಯವರು ಹಾಕಿದ ಕಟ್ಟಳೆಗಳು. ಜರಿ ಅಂಚಿನ ಪೇಟ ಕೂಡದು, ಬಣ್ಣದ ಅಂಚಿನ ಪಂಚೆ ಕೂಡದು, ಹೆಂಗಸರು ಚಿನ್ನ ಬೆಳ್ಳಿ ತೊಡಕೂಡದು, ಮೇಲ್ಜಾತಿಯವರ ಮನೆಯ ಸಾವಿನ ಸುದ್ದಿಯನ್ನು ಎಷ್ಟು ದೂರವಾದರೂ ಹೊತ್ತು ಮುಟ್ಟಿಸಬೇಕು, ಬಿಟ್ಟಿ ಚಾಕರಿಗೆ ಕೂಲಿ ಕೇಳಕೂಡದು. ಆಮೇಲೆ 1935: ಗುಜರಾತಿನ ಕವಿಠಾದಲ್ಲಿ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಿದ್ದಕ್ಕೆ ಹಲ್ಲೆ, ಝಾನು ಎಂಬ ಊರಿನಲ್ಲಿ ಹೆಂಗಸರು ಲೋಹದ ಕೊಡದಲ್ಲಿ ನೀರು ತಂದದ್ದಕ್ಕೆ ಹಲ್ಲೆ. ಆಮೇಲೆ 1936ರ ಏಪ್ರಿಲ್, ಅಂದರೆ ಭಾಷಣ ಬರೆಯುತ್ತಿದ್ದ ದಿನಗಳಲ್ಲೇ: ಜೈಪುರ ಸಂಸ್ಥಾನದ ಚಕ್ವಾರಾದಲ್ಲಿ ತೀರ್ಥಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನ ಜನಕ್ಕೆ ಊಟ ಹಾಕಿಸಿ ತುಪ್ಪ ಬಡಿಸಿದ್ದಕ್ಕೆ ದೊಣ್ಣೆ ಹಿಡಿದು ನುಗ್ಗಿದರು.

ತುಪ್ಪ! ಅವನ ದುಡ್ಡು, ಅವನ ತುಪ್ಪ, ಅವನ ನೆಂಟರ ಎಲೆ. ಇಷ್ಟನ್ನೂ ಸಾಲಾಗಿ ಇಟ್ಟ ಮೇಲೆ ಬಾಬಾಸಾಹೇಬರು ಒಂದು ಪ್ರಶ್ನೆ ಕೇಳುತ್ತಾರೆ: ಸ್ವದೇಶದ ಜನರಿಗೇ ಇದನ್ನೆಲ್ಲ ನಿರಾಕರಿಸುವ ನೀವು ರಾಜಕೀಯ ಅಧಿಕಾರಕ್ಕೆ ಯೋಗ್ಯರೇ? ಪ್ರಶ್ನೆ ಮೊದಲು ಕೇಳಿದ್ದರೆ ಎದುರಿನವರು ವಾದಕ್ಕೆ ಇಳಿಯುತ್ತಿದ್ದರು. ಪುರಾವೆ ಆದ ಮೇಲೆ ಕೇಳಿದ್ದರಿಂದ ಬಾಯಿ ಕಟ್ಟಿತು.

ಇದರಲ್ಲಿ ಕಲಿಯಬೇಕಾದದ್ದು ಮೂರು. ಪ್ರತಿಯೊಂದಕ್ಕೂ ಊರು ಇದೆ, ಕಾಲ ಇದೆ. ಹಳೆಯದರಿಂದ ಹೊಸದಕ್ಕೆ, ದೂರದಿಂದ ಹತ್ತಿರಕ್ಕೆ ನಡೆ ಇದೆ. ಬಟ್ಟೆ, ಒಡವೆ, ಕೊಡ, ತುಪ್ಪ ಹೀಗೆ ಕೇಳುವವನ ಕಣ್ಣಿಗೆ ಕಟ್ಟುವ ವಸ್ತು ಇದೆ. ನೂರು ಘಟನೆ ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೆಲವನ್ನೇ ಆರಿಸಿದರು. ಮೂವತ್ತು ಪುರಾವೆ ಸುರಿದರೆ ಜನ ಒಂದನ್ನೂ ಮನೆಗೆ ಒಯ್ಯೋದಿಲ್ಲ.

ಎದುರಾಳಿಯ ಪತ್ರಿಕೆ, ನಮ್ಮ ಸಾಕ್ಷಿ

ಇನ್ನೊಂದು ಗಮನಿಸಿ. ಬಲಾಯಿಗಳ ವಿಷಯವನ್ನು ಬಾಬಾಸಾಹೇಬರು ಎತ್ತಿಕೊಂಡದ್ದು ಎಲ್ಲಿಂದ? 1928ರಲ್ಲಿ ಅವರದೇ 'ಬಹಿಷ್ಕೃತ ಭಾರತ' ಪತ್ರಿಕೆ ಇತ್ತು. ಆದರೆ ಸಭೆಗೆ ಹೆಸರು ಹೇಳಿದ್ದು ಆಗ ಇಂಗ್ಲಿಷರ ಒಡೆತನದಲ್ಲಿದ್ದ 'ಟೈಮ್ಸ್ ಆಫ್ ಇಂಡಿಯಾ'ದ ವರದಿಯನ್ನು. ನಮ್ಮ ಪತ್ರಿಕೆ ಅಂದರೆ "ನಿಮ್ಮವರೇ ಬರೆದುಕೊಂಡದ್ದು" ಅಂತಾರೆ. ಅವರು ಬೆಳಿಗ್ಗೆ ಕಾಫಿ ಜೊತೆ ಓದುವ ಪತ್ರಿಕೆ ಅಂದರೆ ಏನಂತಾರೆ?

ಇದೇ ಉಪಾಯವನ್ನು ಅದಕ್ಕೂ ಮೊದಲೇ ಅಮೆರಿಕದಲ್ಲಿ ಒಬ್ಬ ಕಪ್ಪು ಹೆಣ್ಣುಮಗಳು ಮಾಡಿ ತೋರಿಸಿದ್ದಳು. ಹೆಸರು ಐಡಾ ಬಿ. ವೆಲ್ಸ್. 1862ರಲ್ಲಿ ಗುಲಾಮರ ಮನೆಯಲ್ಲಿ ಹುಟ್ಟಿದವಳು, ಶಾಲೆ ಮೇಡಂ ಆಗಿದ್ದು ಪತ್ರಕರ್ತೆಯಾದವಳು. 1892ರ ಮಾರ್ಚಿನಲ್ಲಿ ಮೆಂಫಿಸ್ ಊರಿನಲ್ಲಿ ಅವಳ ಪರಿಚಯದ ಮೂವರು ಕಪ್ಪು ಗಂಡಸರನ್ನು ಬಿಳಿಯರ ಗುಂಪು ಜೈಲಿನಿಂದ ಎಳೆದುಕೊಂಡು ಹೋಗಿ ಕೊಂದಿತು. ಅವರ ಅಪರಾಧ? ಬಿಳಿಯನ ಅಂಗಡಿಗೆ ಎದುರಾಗಿ ಕಿರಾಣಿ ಅಂಗಡಿ ನಡೆಸಿ ಗೆದ್ದದ್ದು. ಇಂಥ ಗುಂಪುಕೊಲೆಗಳಿಗೆಲ್ಲ ಆಗ ಒಂದೇ ನೆಪ ಹೇಳುತ್ತಿದ್ದರು: ಕಪ್ಪು ಗಂಡಸರು ಬಿಳಿ ಹೆಂಗಸರ ಮೇಲೆ ಅತ್ಯಾಚಾರ ಮಾಡುತ್ತಾರೆ, ಅದಕ್ಕೇ ಕೊಲ್ಲುತ್ತೇವೆ.

ವೆಲ್ಸ್ "ಸುಳ್ಳು" ಅಂತ ಕಿರುಚಿ ಸುಮ್ಮನಾಗಲಿಲ್ಲ. ಲೆಕ್ಕ ತೆಗೆದಳು. ಅದೂ ಬಿಳಿಯರ 'ಚಿಕಾಗೋ ಟ್ರಿಬ್ಯೂನ್' ಪತ್ರಿಕೆ ಪಟ್ಟಿ ಮಾಡಿದ ಲೆಕ್ಕ. ಎಂಟು ವರ್ಷದಲ್ಲಿ ಗುಂಪುಗಳು ಕೊಂದ ಕಪ್ಪು ಜನ 728. ಅದರಲ್ಲಿ ಅತ್ಯಾಚಾರದ ಆರೋಪವಾದರೂ ಇದ್ದದ್ದು ಮೂರರಲ್ಲಿ ಒಂದು ಪಾಲಿನ ಮೇಲೆ ಮಾತ್ರ. ರುಜುವಾತಾದದ್ದು ಅಂತಲ್ಲ, ಬರೀ ಆರೋಪ! ಮಿಕ್ಕ ಎರಡು ಪಾಲು ಜನರನ್ನು ಯಾಕೆ ಕೊಂದಿರಿ? ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಅವಳ ಪತ್ರಿಕೆಯ ಕಚೇರಿಯನ್ನು ಪುಡಿ ಮಾಡಿದರು. ಊರಿಗೆ ಕಾಲಿಟ್ಟರೆ ಕೊಲ್ಲುತ್ತೇವೆ ಅಂದರು. ಅವಳು 1893ರಲ್ಲೂ 1894ರಲ್ಲೂ ಬ್ರಿಟನ್ನಿಗೆ ಹೋಗಿ ಊರೂರಲ್ಲಿ ಮಾತಾಡಿದಳು. ಬಿಳಿಯರದೇ ಅಂಕಿ, ಬಿಳಿಯರದೇ ಪತ್ರಿಕೆ. ಉತ್ಪ್ರೇಕ್ಷೆ ಅಂತ ಯಾರನ್ನು ಬೈಯಬೇಕು?

ಕಣ್ಣೀರು ಬೇಡವೇ, ಸಿಟ್ಟು ಬೇಡವೇ ಅಂತ ಕೇಳುವವರಿಗೆ ಅವಳೇ ಉತ್ತರ. 1892ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಲಿರಿಕ್ ಹಾಲಿನಲ್ಲಿ ಮಾತಾಡುವಾಗ ಸತ್ತ ಗೆಳೆಯರನ್ನು ನೆನೆದು ಅವಳ ಕಣ್ಣಿಂದ ಧಾರಾಕಾರ ನೀರು ಬಂತು. ಆದರೂ ಕೈಯಲ್ಲಿದ್ದ ಕಾಗದ ಬಿಡಲಿಲ್ಲ, ಓದುವುದು ನಿಲ್ಲಿಸಲಿಲ್ಲ. ಕಣ್ಣೀರು ಬರಲಿ ಗೆಳೆಯರೇ, ಕಾಗದ ಕೈಯಲ್ಲಿರಲಿ.

ಹದಿನೆಂಟು ನಿಮಿಷದ ಹಳೇ ಪಲ್ಲವಿ

ಈಗ ನಮ್ಮ ವೇದಿಕೆಗೆ ಬರೋಣ. "ಈ ದೇಶದಲ್ಲಿ ಪ್ರತಿ 18 ನಿಮಿಷಕ್ಕೆ ಒಬ್ಬ ದಲಿತನ ಮೇಲೆ ದೌರ್ಜನ್ಯ ನಡೆಯುತ್ತದೆ." ಎಷ್ಟು ಸಭೆಯಲ್ಲಿ ಕೇಳಿಲ್ಲ ಇದನ್ನು? ಎಲ್ಲಿಂದ ಬಂತು, ಯಾವ ವರ್ಷದ್ದು ಅಂತ ಹೇಳುವವರು ಒಬ್ಬರೂ ಇಲ್ಲ. ಅಣ್ಣ ಹೇಳಿದ, ತಮ್ಮ ಹೇಳಿದ, ಬ್ಯಾನರಿನಲ್ಲಿ ಬಂತು, ಈಗ ಮೊಬೈಲಿನಲ್ಲಿ ಓಡಾಡುತ್ತಿದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿ ತೆಗೆಯಿರಿ. 2021ರಲ್ಲಿ ಪರಿಶಿಷ್ಟ ಜಾತಿಯವರ ಮೇಲಿನ ಅಪರಾಧವೆಂದು ದೇಶದಲ್ಲಿ ದಾಖಲಾದ ಪ್ರಕರಣ 50,900. 2022ರಲ್ಲಿ 57,582. ಒಂದೇ ವರ್ಷದಲ್ಲಿ ನೂರಕ್ಕೆ 13ರಷ್ಟು ಏರಿಕೆ. ಈಗ ಭಾಗಾಕಾರ ಮಾಡಿ. 2022ರಲ್ಲಿ ದಿನಕ್ಕೆ ಸುಮಾರು 158 ಪ್ರಕರಣ. ಸುಮಾರು 9 ನಿಮಿಷಕ್ಕೊಂದು.

ನೋಡಿದಿರಾ? ಹಳೇ ಅಂಕಿ ಹಿಡಿದುಕೊಂಡ ನಮ್ಮ ಭಾಷಣಕಾರ ನಮ್ಮ ನೋವನ್ನು ಅರ್ಧಕ್ಕೆ ಇಳಿಸಿ ಹೇಳುತ್ತಿದ್ದಾನೆ! ಸರ್ಕಾರದ ಪುಸ್ತಕ ನಮ್ಮ ಭಾಷಣಕ್ಕಿಂತ ಕಟುವಾಗಿದೆ. ಓದದವನ ಆವೇಶ ಹೀಗೆ ಎದುರಾಳಿಗೇ ಚಾಕರಿ ಮಾಡುತ್ತದೆ.

ಅಂಕಿ ಹೇಳುವಾಗ ನಾಲಿಗೆಯ ಮೇಲೆ ಹಿಡಿತ ಇರಲಿ. 57,582 ಅನ್ನುವುದು 'ದಾಖಲಾದ' ಪ್ರಕರಣ. 'ನಡೆದ' ದೌರ್ಜನ್ಯ ಅಲ್ಲ. ಠಾಣೆಯ ಮೆಟ್ಟಿಲು ಹತ್ತದ್ದು, ಹತ್ತಿದರೂ ರಾಜಿ ಮಾಡಿಸಿ ಕಳಿಸಿದ್ದು ಇದರಲ್ಲಿ ಇಲ್ಲ. ಎದುರಿಗೆ ಕೂತ ಜಾಣನೊಬ್ಬ ಎದ್ದು "ಈಗ ಜನ ಧೈರ್ಯವಾಗಿ ದೂರು ಕೊಡ್ತಾರೆ, ಅದಕ್ಕೇ ಸಂಖ್ಯೆ ಏರಿದೆ" ಅನ್ನಬಹುದು. ಅದರಲ್ಲಿ ಸ್ವಲ್ಪ ನಿಜವೂ ಇರಬಹುದು. "ಇರಬಹುದು ಸ್ವಾಮಿ, ಹಾಗಾದರೆ ಹಿಂದಿನ ವರ್ಷಗಳಲ್ಲಿ ದೂರು ಕೊಡದೆ ನುಂಗಿಕೊಂಡವರ ಸಂಖ್ಯೆಯನ್ನೂ ಸೇರಿಸೋಣ" ಅಂತ ಹೇಳಲು ತಯಾರಾಗಿ ಹೋಗಿ. ಎದುರಾಳಿಯ ಪ್ರಶ್ನೆಯನ್ನು ನೀವೇ ಮೊದಲು ಕೇಳಿ ಉತ್ತರ ಹೇಳಿಬಿಟ್ಟರೆ ಇನ್ನೂ ಒಳ್ಳೆಯದು.

ಮತ್ತೊಂದು: ಅಂಕಿ ಅಗಲ ತೋರಿಸುತ್ತದೆ, ಘಟನೆ ಆಳ ತೋರಿಸುತ್ತದೆ. ಬರೀ ಅಂಕಿ ಹೇಳಿದರೆ ಜನ ಆಕಳಿಸುತ್ತಾರೆ. ಬರೀ ಒಂದು ಘಟನೆ ಹೇಳಿದರೆ "ಎಲ್ಲೋ ಒಂದು ಕಡೆ ಆಗಿದೆ, ಅದಕ್ಕೇನಂತೆ" ಅಂತಾರೆ. ಎರಡನ್ನೂ ಜೋಡೆತ್ತಿನ ಹಾಗೆ ಕಟ್ಟಿ.

ಬಾಬಾಸಾಹೇಬರ ಬಾಯಿಗೆ ಮಾತು ತುರುಕುವವರು

ಇವರ ಮೇಲೆ ನನಗೆ ಸಿಟ್ಟು ಜಾಸ್ತಿ. ಬಾಬಾಸಾಹೇಬರು ಎಂದೂ ಹೇಳದ ಮಾತನ್ನು ಅವರ ಫೋಟೋ ಕೆಳಗೆ ಅಚ್ಚು ಹಾಕಿ ಹಂಚುತ್ತಾರೆ. ಯಾವ ಸಂಪುಟ, ಯಾವ ಪುಟ ಅಂದರೆ "ಎಲ್ಲೋ ಓದಿದ್ದೆ" ಅಂತಾರೆ. ಅವರ ಬರಹ ಭಾಷಣಗಳ ಸಂಪುಟಗಳು ಕನ್ನಡದಲ್ಲೇ ಇವೆ. ಕಾಲೇಜು ಲೈಬ್ರರಿಯಲ್ಲಿ ಧೂಳು ತಿನ್ನುತ್ತಾ ಕೂತಿವೆ.

ಎಲ್ಲರ ಬಾಯಲ್ಲಿರುವ ಘೋಷಣೆಯನ್ನೇ ನೋಡಿ: ಶಿಕ್ಷಣ, ಸಂಘಟನೆ, ಹೋರಾಟ. 1942ರ ಜುಲೈನಲ್ಲಿ ನಾಗಪುರದ ಸಮ್ಮೇಳನದಲ್ಲಿ ಬಾಬಾಸಾಹೇಬರು ಹೇಳಿದ ಕ್ರಮ ಹೀಗಿರಲಿಲ್ಲ. ಮೊದಲು ಎಜುಕೇಟ್, ಆಮೇಲೆ ಅಜಿಟೇಟ್, ಕೊನೆಗೆ ಆರ್ಗನೈಸ್. ಮೊದಲು ಕಲಿ, ಆಮೇಲೆ ಕುದಿ, ಆಮೇಲೆ ಕೂಡು. ಕಲಿತವನ ಮನಸ್ಸು ಕುದಿಯಬೇಕು, ಕುದಿದವರು ಕೂಡಬೇಕು. ನಾವು ಎರಡು ಪದ ಅದಲು ಬದಲು ಮಾಡಿ ಅದನ್ನೇ ಗೋಡೆ ಮೇಲೆ ಬರೆದೆವು. ಘೋಷಣೆ ಬದಲಾಯಿಸುವುದು ತಪ್ಪಲ್ಲ. ಬದಲಾಯಿಸಿದ್ದನ್ನು ಅವರ ಹೆಸರಿಗೆ ಬರೆಯುವುದು ತಪ್ಪು. ಒಂದು ಸುಳ್ಳು ಉಲ್ಲೇಖ ಸಿಕ್ಕಿಬಿದ್ದರೆ ಆ ದಿನ ನೀವು ಹೇಳಿದ ಹತ್ತು ನಿಜವೂ ಅದರ ಜೊತೆ ಕೊಚ್ಚಿಹೋಗುತ್ತವೆ.

ಕೋಲಾರದ ಗಣಿಯಿಂದ ಎದ್ದ ಪುರಾವೆ

ಕಾಗದದಿಂದ ಏನಾಗುತ್ತೆ ಅನ್ನುವವರಿಗೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ. ಕೆ.ಜಿ.ಎಫ್. ಚಿನ್ನದ ಊರು. ಚಿನ್ನ ತೆಗೆದವರ ಕಾಲೊನಿಯಲ್ಲಿ ಒಣ ಪಾಯಿಖಾನೆಗಳು. ಅವನ್ನು ಬಳಿದು ಹೊರುವುದು ನಮ್ಮವರ ಕೆಲಸ. ಅಲ್ಲೇ ಅಂಥ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ 1986ರಲ್ಲಿ ಊರಿನ ಅಧಿಕಾರಿಗಳಿಗೆ ಪತ್ರ ಬರೆದರು. ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ರಧಾನಿಗೇ ಬರೆದರು, ಕೋರ್ಟಿಗೆ ಹೋಗುತ್ತೇನೆ ಅಂದರು. ಕೊನೆಗೆ ಆ ಒಣ ಪಾಯಿಖಾನೆಗಳು ನೀರಿನ ಪಾಯಿಖಾನೆಗಳಾದವು, ಹೊರುತ್ತಿದ್ದವರಿಗೆ ಬೇರೆ ಕೆಲಸ ಸಿಕ್ಕಿತು.

ಮುಂದೆ 1993ರಲ್ಲಿ ಮಲ ಹೊರಿಸುವುದನ್ನು ನಿಷೇಧಿಸುವ ಕಾಯ್ದೆ ಬಂತು. ಕಾಯ್ದೆ ಬಂದ ಮೇಲೆ ಸರ್ಕಾರಗಳು ಕಲಿತ ಪಾಠ ಒಂದೇ: "ನಮ್ಮಲ್ಲಿ ಇಲ್ಲ" ಅನ್ನುವುದು. ಇಲ್ಲ ಅಂದವರ ಮುಂದೆ ಇದೆ ಅಂತ ತೋರಿಸುವುದು ಹೇಗೆ? ಸಫಾಯಿ ಕರ್ಮಚಾರಿ ಆಂದೋಲನದವರು ಊರೂರು ತಿರುಗಿದರು. ಯಾವ ಬೀದಿ, ಯಾವ ಪಾಯಿಖಾನೆ, ಬಳಿಯುವವರು ಯಾರು ಅಂತ ಪಟ್ಟಿ ಮಾಡಿದರು, ಫೋಟೋ ತೆಗೆದರು. 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹನ್ನೊಂದು ವರ್ಷ ಬಿಡದೆ ಎಳೆದರು. 2014ರ ಮಾರ್ಚ್ 27ರಂದು ತೀರ್ಪು ಬಂತು. 1993ರಿಂದ ಈಚೆಗೆ ಚರಂಡಿ, ಗುಂಡಿಗಿಳಿದು ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ಕೊಡಿ ಅಂತ ಕೋರ್ಟು ಹೇಳಿತು. 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟು ಆ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಸಾವು ನಿಂತಿಲ್ಲ, ನಿಜ. ಆದರೆ "ನಮ್ಮಲ್ಲಿ ಇಲ್ಲ" ಅನ್ನುವ ಸುಳ್ಳಿಗೆ ಮೊದಲಿನ ಗತ್ತು ಉಳಿದಿಲ್ಲ. ಅದನ್ನು ಮುರಿದದ್ದು ಬರೀ ಭಾಷಣವಲ್ಲ, ಭಾಷಣದ ಕೈಯಲ್ಲಿದ್ದ ಪಟ್ಟಿ.

ಮೈಕಿನಲ್ಲಿ ಹೇಳಬಾರದ ಪುರಾವೆ

ಪುರಾವೆ ಅಂದ ಕೂಡಲೇ ಗೊತ್ತಿದ್ದನ್ನೆಲ್ಲ ಒದರುವುದಲ್ಲ. ಕಂಬಾಲಪಲ್ಲಿ ನೆನಪಿಡಿ. 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಕಾರಣ? ಸಾಕ್ಷಿಗಳು ತಿರುಗಿಬಿದ್ದರು. 2014ರಲ್ಲಿ ಹೈಕೋರ್ಟೂ ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಕೊಂದವರು ಮಾತ್ರ ಕಾಗದದ ಮೇಲೆ ಯಾರೂ ಇಲ್ಲ.

ಅದೇ ಊರಿನಲ್ಲಿ, ಅದೇ ಜಮೀನಿನಲ್ಲಿ ಕೂಲಿ ಮಾಡಿ ಬದುಕಬೇಕಾದ ಸಾಕ್ಷಿಯ ಕಷ್ಟ ಬಸ್ಸು ಹತ್ತಿ ಬಂದು ಭಾಷಣ ಮಾಡಿ ಬಸ್ಸು ಹತ್ತಿ ಹೋಗುವವನಿಗೆ ತಿಳಿಯಬೇಕು. ಹಾಗಾಗಿ ಕೇಸು ನಡೆಯುತ್ತಿರುವಾಗ ಕಂಡವರ ಹೆಸರನ್ನು ಮೈಕಿನಲ್ಲಿ ಹೇಳಬೇಡಿ. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳ ಹೆಸರು, ಗುರುತು ಹೇಳಲೇಬೇಡಿ, ಕಾನೂನಿನಲ್ಲೂ ಅದು ಅಪರಾಧ. ಇಬ್ಬರು ಹೊಡೆದದ್ದನ್ನು ಇಪ್ಪತ್ತು ಜನ ಅನ್ನಬೇಡಿ, ಆರೋಪಿಯ ಪರ ವಕೀಲ ಕಾಯುವುದೇ ಅಂಥ ಒಂದು ಹೆಚ್ಚುಕಡಿಮೆಗೆ. ಸಭೆಯಲ್ಲಿ ಎಫ್.ಐ.ಆರ್. ನಂಬರು ಹೇಳಿ, ಯಾವ ಕಲಂ ಹಾಕಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಹೇಳಿ, ಚಾರ್ಜ್‌ಶೀಟಿಗೆ ಎಷ್ಟು ದಿನವಾಯಿತು ಹೇಳಿ. ಇದು ಪೊಲೀಸಿನವರನ್ನು ಕುಟುಕುತ್ತದೆ, ಸಾಕ್ಷಿಯನ್ನು ಕಾಯುತ್ತದೆ.

ಹೊಣೆ ಯಾರ ತಲೆಗೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. "ಪುರಾವೆ ನಾವೇ ಯಾಕೆ ಕೊಡಬೇಕು?" ಇದಕ್ಕೆ ಮಹಾಡ್ ಉತ್ತರ ಹೇಳುತ್ತದೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಚೌದಾರ್ ಕೆರೆಗೆ ನಡೆದು ನೀರು ಮುಟ್ಟಿದರು. ಬರೀ ಹಠದಿಂದ ನಡೆದದ್ದಲ್ಲ. 1923ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಎಸ್.ಕೆ. ಬೋಲೆ ಮಂಡಿಸಿದ ನಿರ್ಣಯ ಪಾಸಾಗಿತ್ತು: ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ. 1924ರಲ್ಲಿ ಮಹಾಡ್ ಪುರಸಭೆಯೂ ಕೆರೆಯನ್ನು ಎಲ್ಲರಿಗೂ ತೆರೆಯುವ ತೀರ್ಮಾನ ಮಾಡಿತ್ತು. ಕಾಗದದಲ್ಲಿದ್ದ ಹಕ್ಕನ್ನು ಕಾಲಿನಿಂದ ನಡೆದು ತೋರಿಸಿದ್ದು ಮಹಾಡ್.

ಆಮೇಲೆ ಸವರ್ಣೀಯರು ಕೋರ್ಟಿಗೆ ಹೋದರು. ಅಸ್ಪೃಶ್ಯರನ್ನು ಈ ಕೆರೆಗೆ ಬಿಡದಿರುವುದು ಅನಾದಿಕಾಲದ ರೂಢಿ ಅಂದರು. ಹತ್ತು ವರ್ಷ ಕೇಸು ನಡೆಯಿತು. 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು ತೀರ್ಪು ಕೊಟ್ಟಿತು: ಅನಾದಿಕಾಲದ ರೂಢಿ ಅನ್ನುವುದನ್ನು ಇವರು ರುಜುವಾತು ಮಾಡಿಲ್ಲ. ಕೇಸು ವಜಾ.

ಈ ಮಾತನ್ನು ಮತ್ತೊಮ್ಮೆ ಓದಿ. "ಹಿಂದಿನಿಂದ ಬಂದದ್ದು" ಅನ್ನುವುದೇ ಅವರ ಏಕೈಕ ಆಸ್ತಿ. ಅದಕ್ಕೆ ಪುರಾವೆ ತನ್ನಿ ಅಂದಾಗ ಅವರ ಚೀಲ ಖಾಲಿ! ಪುರಾವೆಯ ಭಾಷೆ ಗೊತ್ತಿದ್ದವನು ಮಾತ್ರ ಎದುರಾಳಿಯನ್ನು "ನೀನು ತೋರಿಸು" ಅಂತ ಕೇಳಬಲ್ಲ. ದೇವಸ್ಥಾನದ ಬಾಗಿಲಲ್ಲಿ ನಿಂತು ಸಂಪ್ರದಾಯ ಅನ್ನುವವನನ್ನು, ಮೀಸಲಾತಿಯಿಂದ ಪ್ರತಿಭೆ ಹಾಳಾಯಿತು ಅನ್ನುವವನನ್ನು, ನಮ್ಮೂರಲ್ಲಿ ಜಾತಿ ಗೀತಿ ಏನೂ ಇಲ್ಲ ಅನ್ನುವವನನ್ನು ಬೈಯಬೇಡಿ. ಕೇಳಿ: "ಎಲ್ಲಿದೆ ಪುರಾವೆ? ಯಾವ ವರ್ಷದ್ದು? ಯಾರು ಬರೆದದ್ದು?" ಆದರೆ ಹೀಗೆ ಕೇಳುವ ಹಕ್ಕು ತನ್ನ ಪುರಾವೆಯನ್ನು ಜೇಬಿನಲ್ಲಿ ಇಟ್ಟುಕೊಂಡವನಿಗೆ ಮಾತ್ರ.

ಇವತ್ತೇ ಶುರು ಮಾಡಿ

ಪ್ರತಿ ಹಾಸ್ಟೆಲಿನಲ್ಲಿ ಒಂದು ದಪ್ಪ ರಿಜಿಸ್ಟರು ಇಡಿ. ಪತ್ರಿಕೆಯ ತುಣುಕು ಕತ್ತರಿಸಿ ಅಂಟಿಸಿ, ಪತ್ರಿಕೆಯ ಹೆಸರು, ತಾರೀಕು ಬರೆಯಿರಿ. ಊರಿಗೆ ಹೋದಾಗ ಅಜ್ಜಿ ಹೇಳಿದ್ದನ್ನು, ಅಪ್ಪ ದುಡಿದ ಜೀತದ ಲೆಕ್ಕವನ್ನು ಊರು, ಇಸವಿ ಸಮೇತ ಬರೆದುಕೊಂಡು ಬನ್ನಿ.

ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ನಿಮ್ಮ ಹಾಸ್ಟೆಲಿಗೆ ತಲೆಗೆ ಎಷ್ಟು ದುಡ್ಡು ಬರುತ್ತದೆ, ಯಾವ ತಿಂಗಳು ಎಷ್ಟು ಅಕ್ಕಿ ಬಂತು ಅಂತ ಕೇಳಿ. ಬಂದ ಉತ್ತರವೇ ನಿಮ್ಮ ಮುಂದಿನ ಭಾಷಣ.

ವಾರಕ್ಕೊಂದು ಸಂಜೆ ಊಟವಾದ ಮೇಲೆ ಕೂತು ಮಾತಾಡುವ ಅಭ್ಯಾಸ ಮಾಡಿ. ಒಬ್ಬ ಐದು ನಿಮಿಷ ಮಾತಾಡಲಿ. ಮಿಕ್ಕವರು ಒಂದೊಂದು ಮಾತಿಗೂ "ಎಲ್ಲಿದೆ?" ಅಂತ ಕೇಳಲಿ. ಗೆಳೆಯರ ಮುಂದೆ ತಡವರಿಸಿದರೆ ನಷ್ಟ ಇಲ್ಲ, ತಹಶೀಲ್ದಾರನ ಮುಂದೆ ತಡವರಿಸಿದರೆ ಒಂದು ಕುಟುಂಬದ ಎರಡು ಎಕರೆ ಹೋಗುತ್ತದೆ.

ನಮ್ಮ ಅಪ್ಪಂದಿರ ಹೆಬ್ಬೆಟ್ಟು ಒತ್ತಿಸಿಕೊಂಡು ಅವರ ಭೂಮಿ ಬರೆಸಿಕೊಂಡರು. ಅವರಿಗೆ ಓದಲು ಬರುತ್ತಿರಲಿಲ್ಲ, ಕಾಗದ ಅವರ ವೈರಿಯಾಗಿತ್ತು. ನಮಗೆ ಓದಲು ಬರುತ್ತದೆ. ಆ ಮುದುಕಿ ಇನ್ನೂ ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಾಳೆ, ಯಾರಾದರೂ ಓದಿದ ಮಗ, ಓದಿದ ಮಗಳು ಬರುತ್ತಾರೆ ಅಂತ. ಅವಳಿಗೆ ನಿಮ್ಮ ಚಪ್ಪಾಳೆ ಬೇಡ. ಅವಳ ಸರ್ವೆ ನಂಬರು ಬರೆದುಕೊಂಡು ಒಳಗೆ ಹೋಗಿ.

ಜೈ ಭೀಮ್!